ಬೂದು ಬಣ್ಣ ಹುಡುಕಿ ಹೊರಟವರು

ಭದ್ರಾವತಿಯ ಕಾಗದನಗರಕ್ಕೆ ಒಂದು ಕಾಲಕ್ಕೆ ಮಲೆನಾಡಿನ ಬಿದಿರು ಹೊತ್ತ ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. ಒಳಗೆ ಹೋದದ್ದು ಬಿದಿರು, ಹೊರಗೆ ಬಂದದ್ದು ಕಾಗದ. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, 1936ರಲ್ಲಿ, ಭದ್ರಾ ನದಿಯನ್ನು ನೆಚ್ಚಿ ಹುಟ್ಟಿಕೊಂಡ ಮೈಸೂರು ಕಾಗದ ಕಾರ್ಖಾನೆ ಅದು. ಬರೆಯುವ ಹಾಳೆ, ಅಚ್ಚಿನ ಹಾಳೆ ಮಾಡುತ್ತಿದ್ದ ಕಾರ್ಖಾನೆ 1980ರ ದಶಕದಲ್ಲಿ ದಿನಪತ್ರಿಕೆಗಳಿಗೆ ಬೇಕಾದ ನ್ಯೂಸ್‌ಪ್ರಿಂಟಿಗೂ ಕೈಹಾಕಿತು.

ಅಲ್ಲಿಂದ ಸುಮಾರು 20 ಕಿಲೋಮೀಟರು ದೂರದ ಶಿವಮೊಗ್ಗದಲ್ಲಿ ಅಂಗಡಿ ಬೋರ್ಡು, ನಾಟಕದ ಪರದೆ, ಗೋಡೆ ಜಾಹೀರಾತು ಬರೆದು ಕೈ ಪಳಗಿಸಿಕೊಂಡವರಿಗೆ ಒಂದು ಹಂತದವರೆಗೆ ಯಾವ ತೊಡಕೂ ಇರಲಿಲ್ಲ. ಮುಖದ ಹೋಲಿಕೆ ಕೂರುತ್ತಿತ್ತು, ಅಕ್ಷರ ನೆಟ್ಟಗೆ ನಿಲ್ಲುತ್ತಿತ್ತು, ರಸ್ತೆ ದೂರ ಹೋದಂತೆ ಕಿರಿದಾಗಬೇಕೆಂಬುದೂ ಗೊತ್ತಿತ್ತು. ಎಡವುತ್ತಿದ್ದದ್ದು ಮುಂದಿನ ಮೆಟ್ಟಿಲಲ್ಲಿ, ಪತ್ರಿಕೆಯ ಕತೆಗೋ ಪುಸ್ತಕದ ಮುಖಪುಟಕ್ಕೋ ಮೊದಲ ಸಲ ಚಿತ್ರ ಬರೆದುಕೊಟ್ಟಾಗ. ಇಂಡಿಯನ್ ಇಂಕಿಗೆ ನೀರು ಬೆರೆಸಿ, ತುಂಗೆಯ ಮೇಲೆ ಇಳಿದ ಮುಂಜಾನೆಯ ಮಬ್ಬನ್ನು ತೆಳುವಾಗಿ ಬಳಿದ ಚಿತ್ರವು ಲೈನ್ ಬ್ಲಾಕಿನಲ್ಲಿ, ಅಂದರೆ ಅಪ್ಪಟ ಕಪ್ಪು ಬಿಳುಪನ್ನಷ್ಟೇ ಹಿಡಿಯುವ ಲೋಹದ ಪಡಿಯಚ್ಚಿನಲ್ಲಿ, ಅಚ್ಚಾಗಿ ಬಂದರೆ ಮಬ್ಬೂ ಇಲ್ಲ, ತುಂಗೆಯೂ ಇಲ್ಲ. ಅರ್ಧ ಚಿತ್ರ ಮಸಿ, ಅರ್ಧ ಚಿತ್ರ ಖಾಲಿ. ಕಲಿಯುವವನ ಕೈ ಕೆಟ್ಟಿರಲಿಲ್ಲ. ಅವನು ಬಳಿದ ಬಣ್ಣವೇ ಅಚ್ಚಿನ ಮನೆಯಲ್ಲಿ ಇರಲಿಲ್ಲ.

ಅಚ್ಚಿನ ಯಂತ್ರಕ್ಕೆ ಬೂದು ಗೊತ್ತಿರಲಿಲ್ಲ. ಮಸಿ ತಾಗಿದ ಕಡೆ ಕಪ್ಪು, ತಾಗದ ಕಡೆ ಕಾಗದದ ಬಿಳುಪು, ಅಷ್ಟೇ ಅದರ ವಿದ್ಯೆ. ಚಿತ್ರಕಾರನ ಡಬ್ಬಿಯಲ್ಲಿ ನೀರು ಬೆರೆತಷ್ಟೂ ತೆಳುವಾಗುವ ಬಣ್ಣ ಅಚ್ಚಿನವನ ರೋಲರಿನ ಮೇಲೆ ತೆಳುವಾಗುತ್ತಿರಲಿಲ್ಲ. ಒಂದೇ ಒಂದು ಕಪ್ಪು ಮಸಿಯಿಂದ ಬೂದು ಬಣ್ಣ ಬರಿಸುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಒಬ್ಬಿಬ್ಬರಲ್ಲ, ಹಿಡಿದ ಕಾಲವೂ ನೂರು ವರ್ಷಕ್ಕೆ ಕಡಿಮೆಯಲ್ಲ.

ಮೊದಲ ಸುಳಿವು ಸಿಕ್ಕಿದ್ದು ಮರದಲ್ಲಿ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಥಾಮಸ್ ಬೆವಿಕ್ ಎಂಬ ಹುಡುಗ 1767ರಲ್ಲಿ, ಹದಿನಾಲ್ಕರ ಹರೆಯದಲ್ಲಿ, ಲೋಹ ಕೆತ್ತುವವನೊಬ್ಬನ ಅಂಗಡಿಗೆ ಶಿಷ್ಯನಾಗಿ ಸೇರಿದ. ಗುರುವಿಗೆ ಮರದ ಕೆಲಸವೆಂದರೆ ತಾತ್ಸಾರ. ಹಾಗಾಗಿ ಅಂಗಡಿಗೆ ಬಂದ ಮರದ ಅಚ್ಚುಗಳೆಲ್ಲ ಶಿಷ್ಯನ ಪಾಲಾದವು. ಆ ತಾತ್ಸಾರವೇ ವರವಾಯಿತು. ಹುಡುಗ ಗಟ್ಟಿ ಬಾಕ್ಸ್‌ವುಡ್ ಮರವನ್ನು ಅಡ್ಡಕ್ಕೆ ಕೊಯ್ದ ತುಂಡಿನ ಮೇಲೆ, ಲೋಹಕ್ಕೆ ಬಳಸುವ ಸೂಕ್ಷ್ಮ ಉಳಿಯನ್ನೇ ಹಿಡಿದು ಕೆತ್ತಿದ. ಹಿಂದಿನವರು ಕಪ್ಪು ಗೆರೆಯ ಎರಡೂ ಬದಿಯ ಮರವನ್ನು ಕಿತ್ತು, ಗೆರೆಯನ್ನು ಗೋಡೆಯಂತೆ ಉಳಿಸಿಕೊಳ್ಳಲು ಒದ್ದಾಡುತ್ತಿದ್ದರು. ಬೆವಿಕ್ ಅದನ್ನು ತಲೆಕೆಳಗು ಮಾಡಿದ. ಕೆತ್ತದ ಮರ ಹೇಗೂ ಕಪ್ಪಾಗಿಯೇ ಅಚ್ಚಾಗುತ್ತದೆ, ಉಳಿ ಎಳೆದ ಪ್ರತಿ ಗೀರೂ ಬಿಳಿ. ಅಂದಮೇಲೆ ಕತ್ತಲೆಯೊಳಗೆ ಬೆಳಕನ್ನು ಗೀಚುತ್ತ ಹೋಗಬೇಕು. ಬಿಳಿ ಗೀರುಗಳು ಹತ್ತಿರವಾದ ಕಡೆ ಚಿತ್ರ ತಿಳಿಯಾಯಿತು, ದೂರವಾದ ಕಡೆ ಗಾಢವಾಯಿತು. 1790ರಲ್ಲಿ ಹೊರಬಂದ ಅವನ ಪ್ರಾಣಿಗಳ ಪುಸ್ತಕದಲ್ಲಿ ರೋಮ, ಹುಲ್ಲು, ದೂರದ ಬೇಲಿ ಎಲ್ಲವೂ ಒಂದೇ ಕಪ್ಪಿನಲ್ಲಿ ಬೇರೆ ಬೇರೆ ಛಾಯೆ ತಾಳಿ ನಿಂತವು.

ಶಿವಮೊಗ್ಗ ಜಿಲ್ಲೆಯದೇ ಆದ ಸಾಗರ, ಸೊರಬದ ಹಳ್ಳಿಗಳ ದೀವರ ಸಮುದಾಯದ ಹೆಣ್ಣುಮಕ್ಕಳಿಗೆ ಇದೇನೂ ಹೊಸದೆನಿಸುತ್ತಿರಲಿಲ್ಲ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ, ಪುಂಡಿ ನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಅದ್ದಿ ಅವರು ಹಸೆ ಚಿತ್ತಾರದ ಎಳೆಗಳನ್ನು ಒಂದರ ಪಕ್ಕ ಒಂದು ಎಳೆಯುತ್ತಿದ್ದರು. ಎಳೆ ಒತ್ತಾದ ಕಡೆ ಗೋಡೆ ಬೆಳಗಿತು, ಸಡಿಲವಾದ ಕಡೆ ಮಣ್ಣಿನ ಕೆಂಪೇ ಮೇಲುಗೈಯಾಯಿತು. ಶಿವಮೊಗ್ಗದ ಕಲಿಕೆಯವನು ಉತ್ತರ ಹುಡುಕಿಕೊಂಡು ಊರು ಬಿಟ್ಟು ಹೋಗಬೇಕಾದ ಅಗತ್ಯವೇ ಇರಲಿಲ್ಲ. ಆದರೆ ಅಚ್ಚಿನ ಮನೆಗೂ ಹಸೆಗೋಡೆಗೂ ನಡುವೆ ಹಾದಿ ಇದೆಯೆಂದು ಯಾರಿಗೂ ಹೊಳೆದಿರಲಿಲ್ಲ.

ಬೆವಿಕ್‌ನ ಉಳಿಯ ಹಿಂದೆ ಒಂದು ದೊಡ್ಡ ವ್ಯಾಪಾರ ಬೆಳೆಯಿತು. 1842ರಲ್ಲಿ ಲಂಡನ್ನಿನಲ್ಲಿ ಸಚಿತ್ರ ವಾರಪತ್ರಿಕೆ ಶುರುವಾದ ಮೇಲಂತೂ ಮರ ಕೆತ್ತುವವರ ದೊಡ್ಡ ತಂಡಗಳೇ ಹುಟ್ಟಿಕೊಂಡವು. ದೊಡ್ಡ ಚಿತ್ರವಿದ್ದರೆ ಅಚ್ಚಿನ ಮರವನ್ನು ತುಂಡು ತುಂಡಾಗಿ ಬಿಚ್ಚಿ, ಒಬ್ಬೊಬ್ಬರಿಗೆ ಒಂದೊಂದು ತುಂಡು ಕೊಟ್ಟು, ರಾತ್ರಿಯೆಲ್ಲ ಕೆತ್ತಿಸಿ, ಬೆಳಗ್ಗೆ ಬೋಲ್ಟು ಹಾಕಿ ಬಿಗಿಯುತ್ತಿದ್ದರು. ಚಿತ್ರಕಾರ ನೇರ ಮರದ ಮೇಲೆ ಬರೆದಿದ್ದರೆ ಕೆತ್ತನೆ ಮುಗಿಯುವ ಹೊತ್ತಿಗೆ ಅವನ ಚಿತ್ರವೇ ಇರುತ್ತಿರಲಿಲ್ಲ, ಉಳಿ ಅದನ್ನು ತಿಂದು ಹಾಕಿರುತ್ತಿತ್ತು. ಉಳಿದದ್ದು ಕೆತ್ತಿದವನು ಅರ್ಥ ಮಾಡಿಕೊಂಡಷ್ಟು. ಚಿತ್ರ ಬರೆದವನ ಹೆಸರು ಕೆಳಗೆ, ಗೆರೆ ಮಾತ್ರ ಇನ್ನೊಬ್ಬನದು. ಬೂದು ಬಂದಿತ್ತು ನಿಜ, ಆದರೆ ಬರೆದವನ ಕೈ ಕಳೆದುಹೋಗಿತ್ತು.

ಕೈ ಕಳೆಯದ ದಾರಿ ಇದ್ದರೆ ಅದು ಬೆಳಕಿನದೇ ಆಗಿರಬೇಕಿತ್ತು. ಫೋಟೋಗ್ರಫಿಯನ್ನು ಕಂಡುಹಿಡಿದವರಲ್ಲಿ ಒಬ್ಬನಾದ ಫಾಕ್ಸ್ ಟಾಲ್ಬಟ್ 1852ರಲ್ಲಿ ಒಂದು ವಿಚಿತ್ರ ಪ್ರಯೋಗ ಮಾಡಿದ. ಬೆಳಕಿಗೆ ಸ್ಪಂದಿಸುವ ಲೇಪ ಹಚ್ಚಿದ ಲೋಹದ ತಗಡಿನ ಮೇಲೆ ಚಿತ್ರ ಮೂಡಿಸುವಾಗ ನಡುವೆ ತೆಳು ಬಟ್ಟೆಯ ಜಾಲರಿಯನ್ನು ಅಡ್ಡ ಹಿಡಿದ. ನೂಲಿನ ಎಳೆಗಳು ಚಿತ್ರವನ್ನು ಚೂರು ಚೂರು ಮಾಡಿದವು. ಚೂರುಗಳ ಸಂದಿಯಲ್ಲಿ ಮಸಿ ನಿಲ್ಲುತ್ತಿತ್ತು. ಕೆಲಸ ಪೂರ್ತಿ ಕೈಗೂಡಲಿಲ್ಲ, ಅಂಗಡಿಯಲ್ಲಿ ಮಾರುವಷ್ಟು ಅಚ್ಚುಕಟ್ಟು ಬರಲಿಲ್ಲ. ಆದರೂ ಬಟ್ಟೆ ಅಡ್ಡ ಹಿಡಿಯುವ ಆ ಉಪಾಯ ಮೂವತ್ತು ವರ್ಷ ಹಲವರ ನಿದ್ದೆ ಕೆಡಿಸಿತು.

1880ರ ಮಾರ್ಚ್ 4ರಂದು ನ್ಯೂಯಾರ್ಕಿನ ಡೈಲಿ ಗ್ರಾಫಿಕ್ ಪತ್ರಿಕೆ ಬಡವರ ಗುಡಿಸಲುಗಳ ಒಂದು ಫೋಟೋವನ್ನು ಗೆರೆಗೆರೆಯ ಜಾಲರಿಯ ಮೂಲಕ ಅಚ್ಚು ಮಾಡಿತು. ಸ್ಟೀಫನ್ ಹೊರ್ಗನ್ ಎಂಬಾತನ ಸಾಹಸ ಅದು. ಮುಂದೆ ಇನ್ನೊಂದು ದೊಡ್ಡ ಪತ್ರಿಕೆಯಲ್ಲಿ ಕೆಲಸಕ್ಕಿದ್ದಾಗ, ವೇಗವಾಗಿ ಸುತ್ತುವ ರೋಟರಿ ಯಂತ್ರದಲ್ಲೂ ಇಂಥ ಚಿತ್ರ ಅಚ್ಚು ಹಾಕಬಹುದೆಂದು ಅವನು ಹೇಳಿದ. ಯಂತ್ರ ನಡೆಸುವವರು ನಕ್ಕರು. ಆಗದ ಮಾತಾಡುವವನೆಂದು ಅವನ ಕೆಲಸವೇ ಹೋಯಿತು. 1897ರಲ್ಲಿ ಅದೇ ಊರಿನ ಟ್ರಿಬ್ಯೂನ್ ಪತ್ರಿಕೆಯ ರೋಟರಿ ಯಂತ್ರದಲ್ಲಿ ಅವನು ಅದನ್ನು ಮಾಡಿಯೇ ತೋರಿಸಿದ.

1880ಕ್ಕೂ ಮೊದಲೇ ಕಾರ್ನೆಲ್ ವಿಶ್ವವಿದ್ಯಾಲಯದ ಫೋಟೋ ಪ್ರಯೋಗಾಲಯದಲ್ಲಿ ಫ್ರೆಡರಿಕ್ ಐವ್ಸ್ ಎಂಬ ಯುವಕ ಇದೇ ಗಂಟು ಬಿಚ್ಚಲು ಕೂತಿದ್ದ. ಓದಿದ್ದು ಕಡಿಮೆ, ಕೈಚಳಕ ಹೆಚ್ಚು. ಹಗಲೆಲ್ಲ ಯೋಚಿಸಿ ತಲೆ ಮಂಕಾದ ಒಂದು ರಾತ್ರಿ ಸೋತು ಮಲಗಿದ. ಬೆಳಗ್ಗೆ ಕಣ್ಣು ಬಿಡುತ್ತಲೇ ಸೂರಿನ ಮೇಲೆ ಇಡೀ ವಿಧಾನವೂ ಅದರ ಸಲಕರಣೆಯೂ ನಡೆಯುತ್ತಿರುವಂತೆ ಕಂಡಿತೆಂದು ಅವನೇ ಮುಂದೆ ತನ್ನ ಆತ್ಮಕತೆಯಲ್ಲಿ ಬರೆದುಕೊಂಡ. 1881ರ ಹೊತ್ತಿಗೆ ಅವನ ಮೊದಲ ವಿಧಾನ ಸಿದ್ಧವಾಗಿತ್ತು. ಮರುವರ್ಷ ಮ್ಯೂನಿಕ್‌ನ ಗೇಯೋರ್ಗ್ ಮೈಸನ್‌ಬಾಖ್ ಒಂದೇ ದಿಕ್ಕಿನ ಗೆರೆಗಳಿದ್ದ ಪರದೆಯನ್ನು ಬೆಳಕು ಬೀಳುವಾಗಲೇ ಅರ್ಧದಲ್ಲಿ ತಿರುಗಿಸಿ ಬೇರೊಂದು ದಾರಿ ಹಿಡಿದ. 1886ರ ಸುಮಾರಿಗೆ ಐವ್ಸ್ ಎರಡು ಗಾಜುಗಳ ಮೇಲೆ ನೇರ ಗೆರೆ ಕೊರೆದು, ಅಡ್ಡಡ್ಡ ಕೂರಿಸಿ, ಮುಖಕ್ಕೆ ಮುಖ ಅಂಟಿಸಿದ. ಟಾಲ್ಬಟ್‌ನ ಬಟ್ಟೆ ಗಾಜಾಗಿತ್ತು. ಈ ಗಾಜಿನ ಹಿಂದೆ ಬಂದ ಪ್ರತಿ ಚಿತ್ರವೂ ಸಾವಿರಾರು ಚುಕ್ಕಿಗಳಾಗಿ ಒಡೆಯಿತು. ಅದಕ್ಕೆ ಹಾಫ್‌ಟೋನ್ ಎಂಬ ಹೆಸರು ನಿಂತಿತು.

ಗಾಜೇನೋ ಸಿಕ್ಕಿತು, ಚಿತ್ರ ಮಾತ್ರ ಒಮ್ಮೆ ಚೆನ್ನಾಗಿ ಬಂದರೆ ಮರುಸಲ ಕೆಡುತ್ತಿತ್ತು. ಜಾಲರಿ ಗಾಜನ್ನು ಫೋಟೋ ಫಲಕದಿಂದ ಎಷ್ಟು ದೂರ ಇಡಬೇಕು? ಕ್ಯಾಮೆರಾದ ಕಣ್ಣನ್ನು ಎಷ್ಟು ಅಗಲ ತೆರೆಯಬೇಕು? ಯುರೋಪಿನ ಬ್ಲಾಕ್ ಮಾಡುವವರು ಅಂದಾಜಿನ ಮೇಲೆ ನಡೆಯುತ್ತಿದ್ದರು. ಪಳಗಿದವನ ಕೈಗುಣ ಅವನೊಂದಿಗೇ ಹೋಗುತ್ತಿತ್ತು.

ಉತ್ತರಕ್ಕೆ ಹಟ ಹಿಡಿದವನು ಒಬ್ಬ ಚಿತ್ರಕಾರ, ಅದೂ ಕಲ್ಕತ್ತೆಯಲ್ಲಿ. 1863ರಲ್ಲಿ ಮೈಮನ್‌ಸಿಂಗ್ ಜಿಲ್ಲೆಯಲ್ಲಿ ಹುಟ್ಟಿದ ಉಪೇಂದ್ರಕಿಶೋರ ರಾಯಚೌಧುರಿ ಮಕ್ಕಳಿಗೆಂದು ರಾಮಾಯಣ ಬರೆದು, ಅದಕ್ಕೆ ತಾನೇ ಚಿತ್ರವನ್ನೂ ಬರೆದಿದ್ದ. ಪುಸ್ತಕ ಅಚ್ಚಾಗಿ ಕೈಗೆ ಬಂದಾಗ ಅವನ ಎದೆ ಒಡೆಯಿತು. ಮರ ಕೆತ್ತುವವನ ಉಳಿ ಅವನ ಗೆರೆಗಳನ್ನು ಗುರುತು ಸಿಗದಂತೆ ಮಾಡಿತ್ತು. ಬೇರೆಯವರಾದರೆ ಇನ್ನೊಬ್ಬ ಕೆತ್ತುವವನನ್ನು ಹುಡುಕುತ್ತಿದ್ದರು. ಉಪೇಂದ್ರಕಿಶೋರ ಲಂಡನ್ನಿನ ಪೆನ್‌ರೋಸ್ ಕಂಪನಿಗೆ ಕಾಗದ ಬರೆದು, ಕೈಯಿಂದ ಹಣ ಹಾಕಿ, ಕ್ಯಾಮೆರಾ, ಜಾಲರಿ ಗಾಜು, ರಾಸಾಯನಿಕಗಳನ್ನು ತರಿಸಿಕೊಂಡ. 1895ರಲ್ಲಿ ಶಿವನಾರಾಯಣ ದಾಸ್ ಗಲ್ಲಿಯ ಬಾಡಿಗೆ ಮನೆಯಲ್ಲೇ ಕೆಲಸ ಶುರುವಾಯಿತು.

ಕಲಿಸಲು ಪಕ್ಕದಲ್ಲಿ ಗುರುವಿರಲಿಲ್ಲ. ಪುಸ್ತಕಗಳಿದ್ದವು, ಆದರೆ ಪುಸ್ತಕ ಬರೆದವರೇ ಅಂದಾಜಿನ ಮೇಲೆ ಬರೆದಿದ್ದರು. ಪಿಟೀಲು ನುಡಿಸುತ್ತಿದ್ದ, ಮಕ್ಕಳಿಗೆ ಕತೆ ಹೇಳುತ್ತಿದ್ದ ಆ ಮನುಷ್ಯ ಗಣಿತಕ್ಕೆ ಇಳಿದ. ಜಾಲರಿಯ ಒಂದೊಂದು ಕಿಂಡಿಯೂ ತಾನೇ ಒಂದು ಪುಟ್ಟ ಕ್ಯಾಮೆರಾದಂತೆ ಕೆಲಸ ಮಾಡುತ್ತದೆಂಬ ನೆಲೆಯಿಂದ ಅವನು ಲೆಕ್ಕ ಹಾಕಿದ. ಮಲೆನಾಡಿನ ಹಂಚಿನ ಮನೆಯಲ್ಲಿ ಬೆಳೆದವರು ಇದನ್ನು ಕಣ್ಣಾರೆ ಕಂಡಿರುತ್ತಾರೆ. ಮಾಡಿನ ಸಂದಿ ಯಾವ ಆಕಾರದ್ದಾದರೂ ನೆಲದ ಮೇಲೆ ಬೀಳುವ ಬಿಸಿಲ ಬಿಲ್ಲೆ ದುಂಡಗೇ ಇರುತ್ತದೆ, ಏಕೆಂದರೆ ಅದು ಸೂರ್ಯನದೇ ಬಿಂಬ. ಗ್ರಹಣದ ದಿನ ಆ ಬಿಲ್ಲೆಗಳೆಲ್ಲ ಒಟ್ಟಿಗೆ ಕುಡುಗೋಲಿನಂತೆ ಬಾಗುತ್ತವೆ. ಜಾಲರಿಯ ಹಿಂದೆ ಮೂಡುವ ಚುಕ್ಕಿಯೂ ಅಂಥದೇ ಬಿಂಬ, ಕ್ಯಾಮೆರಾದ ಕಣ್ಣಿನ ಬಿಂಬ. ಕಣ್ಣಿನ ಅಳತೆ ಗೊತ್ತಿದ್ದರೆ ಜಾಲರಿಯ ದೂರವನ್ನು ಲೆಕ್ಕದಿಂದಲೇ ಹೇಳಬಹುದಿತ್ತು.

1897ರಿಂದ 1912ರವರೆಗೆ ಲಂಡನ್ನಿನ ಪೆನ್‌ರೋಸ್ ವಾರ್ಷಿಕದಲ್ಲಿ ಅವನ ಲೇಖನಗಳು ಒಂದರ ಹಿಂದೊಂದು ಬಂದವು. ಜಾಲರಿಯ ಗೆರೆಗಳು ಪರಸ್ಪರ 90 ಡಿಗ್ರಿಯ ಬದಲು 60 ಡಿಗ್ರಿ ಕೋನದಲ್ಲಿ ಹಾಯ್ದರೆ ಏನಾಗುತ್ತದೆಂದು ನೋಡಿದ. ಕ್ಯಾಮೆರಾದ ಒಂದು ಕಣ್ಣಿನ ಜಾಗದಲ್ಲಿ ಹಲವು ಕಿಂಡಿಗಳನ್ನಿಟ್ಟು ನೋಡಿದ. ಲಂಡನ್ನಿನ ಕಸುಬುದಾರರು ಓದುವ ಪುಟಗಳಿಗೆ ಕಲ್ಕತ್ತೆಯ ಗಲ್ಲಿಯಿಂದ ಪಾಠ ಹೋಗುತ್ತಿತ್ತು. 1911ರಲ್ಲಿ ಮಗ ಸುಕುಮಾರ ಇದೇ ವಿದ್ಯೆ ಕಲಿಯಲು ಇಂಗ್ಲೆಂಡಿಗೆ ಹೊರಟ. 1913ರಲ್ಲಿ ಉಪೇಂದ್ರಕಿಶೋರ ‘ಸಂದೇಶ್’ ಎಂಬ ಮಕ್ಕಳ ಮಾಸಪತ್ರಿಕೆ ತೆಗೆದ. ಚಿತ್ರಗಳು ಅವನ ಕೈ ಬರೆದಂತೆಯೇ ಅಚ್ಚಾದವು. ಮೂರು ವರ್ಷ ತುಂಬುವಷ್ಟರಲ್ಲಿ, 1915ರ ಡಿಸೆಂಬರಿನಲ್ಲಿ, ಸಕ್ಕರೆ ಕಾಯಿಲೆ ಅವನನ್ನು ಕೊಂಡೊಯ್ದಿತು. ವಯಸ್ಸು ಐವತ್ತೆರಡು. ಕೆಟ್ಟ ಅಚ್ಚೊಂದನ್ನು ಸಹಿಸಲಾರದೆ ಒಬ್ಬ ಚಿತ್ರಕಾರ ಇಪ್ಪತ್ತು ವರ್ಷ ದುಡಿದ ಈ ಕತೆ, ಚಿತ್ರಕಲೆ ಕಲಿಸುವ ಪ್ರತಿ ಶಾಲೆಯಲ್ಲೂ ಮೊದಲ ದಿನವೇ ಹೇಳಬೇಕಾದದ್ದು.

ಹಾಫ್‌ಟೋನ್ ಬಂದರೂ ಸಣ್ಣ ಪತ್ರಿಕೆಗಳಿಗೆ ಅದು ದುಬಾರಿಯಾಗಿಯೇ ಉಳಿಯಿತು. ಒರಟು ಕಾಗದದ ಮೇಲೆ ಚುಕ್ಕಿಗಳು ಹಬ್ಬಿ, ಒಂದಕ್ಕೊಂದು ಅಂಟಿ, ಮುಖವೆಲ್ಲ ಮಸಿ ಮೆತ್ತಿದಂತಾಗುತ್ತಿತ್ತು. ಲೈನ್ ಬ್ಲಾಕು ಅಗ್ಗ. ಹಾಗಾಗಿ ಬೂದನ್ನು ಮತ್ತೆ ಕೈಯಿಂದಲೇ ತರಬೇಕಾಯಿತು. ಮೈಸೂರಿನಲ್ಲಿ ಅದನ್ನು ಕಲಿತವನು 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣ್. ಮುಖ್ಯೋಪಾಧ್ಯಾಯರ ಕಿರಿಯ ಮಗನಾದ ಅವನು ಓದು ಬರುವ ಮೊದಲೇ ಮನೆಗೆ ಬರುತ್ತಿದ್ದ ಸ್ಟ್ರಾಂಡ್, ಪಂಚ್ ಮುಂತಾದ ಇಂಗ್ಲಿಷ್ ಪತ್ರಿಕೆಗಳ ಚಿತ್ರಗಳಲ್ಲಿ ಮುಳುಗುತ್ತಿದ್ದ. ನೆಲ, ಗೋಡೆ, ಬಾಗಿಲು ಎಲ್ಲೆಂದರಲ್ಲಿ ಗೀಚುತ್ತಿದ್ದ. ಶಾಲೆಯಲ್ಲಿ ಅವನು ಬರೆದ ಅರಳಿ ಎಲೆಯನ್ನು ಮೇಷ್ಟ್ರು ಹೊಗಳಿದ್ದೇ ತಡ, ತಾನು ಚಿತ್ರಕಾರನೆಂದು ತೀರ್ಮಾನಿಸಿಬಿಟ್ಟ. ಕಾಗೆಗಳನ್ನು ಗಂಟೆಗಟ್ಟಲೆ ನೋಡಿ ಬರೆದ. ಅಷ್ಟು ಕಪ್ಪಾದ ಹಕ್ಕಿಯನ್ನು ಕಪ್ಪು ಮಸಿಯಲ್ಲಿ ಬರೆದವನಿಗೆ, ರೆಕ್ಕೆಯ ಹೊಳಪಿಗೆ ಎಲ್ಲಿ ಬಿಳಿ ಬಿಡಬೇಕೆಂಬುದು ಕಾಗೆಯಿಂದಲೇ ಗೊತ್ತಾಗಿರಬೇಕು.

ಬೊಂಬಾಯಿಯ ಜೆ. ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ ಪ್ರತಿಭೆ ಸಾಲದೆಂಬ ಉತ್ತರ ಬಂತು. ಲಕ್ಷ್ಮಣ್ ಮಹಾರಾಜ ಕಾಲೇಜು ಸೇರಿ ತತ್ತ್ವಶಾಸ್ತ್ರ, ಅರ್ಥಶಾಸ್ತ್ರ ಓದಿದ. ಓದಿನ ನಡುವೆಯೇ ಅಣ್ಣ, ಕತೆಗಾರ ಆರ್. ಕೆ. ನಾರಾಯಣರ ಕತೆಗಳಿಗೆ ದಿ ಹಿಂದೂ ಪತ್ರಿಕೆಯಲ್ಲಿ ಚಿತ್ರ ಬರೆದ. ಡಾ. ಎಂ. ಶಿವರಾಂ, ಅಂದರೆ ಕನ್ನಡಿಗರ ರಾಶಿ, 1942ರಲ್ಲಿ ತೆಗೆದ ‘ಕೊರವಂಜಿ’ ಹಾಸ್ಯ ಪತ್ರಿಕೆಗೂ ಬರೆದ. ಕುಂಚದ ಒಂದು ಎಳೆತದಲ್ಲಿ ಗೆರೆ ದಪ್ಪವಾಗಿ ಹೊರಟು ಕೂದಲಿನಷ್ಟು ಸಣ್ಣಗಾಗಿ ಮುಗಿಯುತ್ತಿತ್ತು. ಒತ್ತೊತ್ತಾದ ಗೀರುಗಳಲ್ಲಿ ನೆರಳು ಬರುತ್ತಿತ್ತು. ನೀರು ಬೆರೆಸಿದ ಒಂದು ಹನಿ ಬೂದೂ ಇಲ್ಲದೆ ನಾರಾಯಣರ ಕಲ್ಪನೆಯ ಊರಾದ ಮಾಲ್ಗುಡಿಯ ಬಿಸಿಲೂ ಧೂಳೂ ಅಚ್ಚಿನ ಯಂತ್ರವನ್ನು ದಾಟಿ ಬಂದವು.

ಆ ಮಾಲ್ಗುಡಿಗೆ ನೆಲ ಸಿಕ್ಕಿದ್ದು ಶಿವಮೊಗ್ಗ ಜಿಲ್ಲೆಯಲ್ಲಿ. 1980ರ ದಶಕದಲ್ಲಿ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ಧಾರಾವಾಹಿ ತೆಗೆಯಲು ಆಗುಂಬೆಗೆ ಬಂದರು. ಶಿವಮೊಗ್ಗದಿಂದ ತಾಳಗುಪ್ಪಕ್ಕೆ ಹೋಗುವ ಹಳಿಯ ಮೇಲಿನ ಅರಸಾಳು ನಿಲ್ದಾಣ ಮಾಲ್ಗುಡಿಯ ನಿಲ್ದಾಣವಾಯಿತು. ಧಾರಾವಾಹಿಗೆ ರೇಖಾಚಿತ್ರಗಳನ್ನು ಬರೆದುಕೊಟ್ಟವನು ಲಕ್ಷ್ಮಣನೇ. ಇಂದು ಆ ಹಳೆಯ ನಿಲ್ದಾಣ ಮಾಲ್ಗುಡಿ ಮ್ಯೂಸಿಯಂ ಆಗಿದೆ.

ಕಲಾಶಾಲೆ ಇಲ್ಲದ ಊರುಗಳ ಕಲಿಕೆಯವರಿಗೆ ಪತ್ರಿಕೆಯೇ ಶಾಲೆಯಾಯಿತು. ‘ಚಂದಮಾಮ’ದ ಮುಖಪುಟಗಳಿಗೆ ಮಹಾಭಾರತವನ್ನು ಬರೆದ ಎಂ. ಟಿ. ವಿ. ಆಚಾರ್ಯರು ಮುಂದೆ ಬೆಂಗಳೂರಿಗೆ ಬಂದು ಅಂಚೆಯ ಮೂಲಕವೇ ಚಿತ್ರಕಲೆ ಕಲಿಸಿದರು. ಎರಡನೇ ಮೆಟ್ಟಿಲಿನ ಪಾಠಗಳು ಕಸುಬಿನವರ ಬಾಯಲ್ಲಿ ಸೋಲಿನಿಂದಲೇ ಹುಟ್ಟಿದ್ದವು. ಅಚ್ಚಿನ ಅಳತೆಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬರೆದರೆ ಕಿರಿದಾಗುವಾಗ ಕೈಯ ನಡುಕವೂ ಕಿರಿದಾಗುತ್ತದೆಂದು ಕಂಡುಕೊಂಡದ್ದು ನಡುಗಿದ ಗೆರೆಗಳನ್ನು ಅಚ್ಚಿನಲ್ಲಿ ನೋಡಿ ನಾಚಿದವರು. ಆದರೆ ಕಿರಿದಾದಾಗ ಗೆರೆಗಳ ನಡುವಿನ ಸಂದಿಯೂ ಮುಚ್ಚಿಕೊಳ್ಳುತ್ತದೆ, ಹಾಗಾಗಿ ಮೇಜಿನ ಮೇಲೆ ತೀರಾ ಸಡಿಲ ಅನಿಸುವಷ್ಟು ಜಾಗ ಬಿಡಬೇಕೆಂದು ಕಲಿತದ್ದು ಮಸಿ ಮುದ್ದೆಯಾದ ಚಿತ್ರ ವಾಪಸು ಬಂದವರು. ಎಲ್ಲಿ ಗೆರೆ ಹಾಕಬೇಕೆಂಬುದು ಮೊದಲ ಹಂತದಲ್ಲೇ ಬಂದಿತ್ತು. ಎಲ್ಲಿ ಹಾಕಬಾರದೆಂಬುದು ಈ ಹಂತದಲ್ಲಿ ಬಂತು.

ಗುಟ್ಟು ಇಷ್ಟೇ ಇತ್ತು. ಬೂದು ಮಸಿಯಲ್ಲಿ ಇಲ್ಲ, ನೋಡುವ ಕಣ್ಣಿನಲ್ಲಿ ಇದೆ. ಜಾಲರಿಯ ಹಿಂದೆ ಬೆಳಕು ಹೆಚ್ಚು ಬಿದ್ದ ಕಡೆ ಅಚ್ಚಿನಲ್ಲಿ ಚುಕ್ಕಿ ಸಣ್ಣದಾಗುತ್ತದೆ, ಕಡಿಮೆ ಬಿದ್ದ ಕಡೆ ದಪ್ಪವಾಗುತ್ತದೆ. ಮಸಿಯ ಕಪ್ಪು ಎಲ್ಲ ಕಡೆಯೂ ಒಂದೇ. ಚುಕ್ಕಿಗಳನ್ನು ಬಿಡಿಬಿಡಿಯಾಗಿ ಕಾಣಲಾರದಷ್ಟು ದೂರದಿಂದ ನೋಡಿದಾಗ ಕಣ್ಣು ಮಸಿಯ ಕಪ್ಪನ್ನೂ ಕಾಗದದ ಬಿಳುಪನ್ನೂ ಕಲಸಿ ಬೂದು ಮಾಡಿಕೊಳ್ಳುತ್ತದೆ. ಬೆವಿಕ್‌ನ ಗೀರು, ಹಸೆಯ ಎಳೆ, ಲಕ್ಷ್ಮಣನ ಕುಂಚದ ನೆರಳು, ಐವ್ಸ್‌ನ ಚುಕ್ಕಿ, ಎಲ್ಲವೂ ಇದನ್ನೇ ಮಾಡಿದವು. ಬಣ್ಣದ ಅರ್ಧ ಪಾಲು ಕಾಗದದ್ದೇ ಆದ್ದರಿಂದ ಕಾಗದ ಬದಲಾದರೆ ಚಿತ್ರವೂ ಬದಲಾಗುತ್ತಿತ್ತು. ನುಣುಪಾದ ಆರ್ಟ್ ಪೇಪರಿಗೆ ಇಂಚಿಗೆ 133 ಅಥವಾ 150 ಗೆರೆಯ ಜಾಲರಿ ನಡೆಯುತ್ತಿತ್ತು. ಮಸಿ ಹೀರುವ ನ್ಯೂಸ್‌ಪ್ರಿಂಟಿಗೆ 65ರಿಂದ 85 ಗೆರೆ.

ಭದ್ರಾವತಿಯ ಕಾಗದ ಯಂತ್ರಗಳು 2015ರಲ್ಲಿ ನಿಂತವು. ಅಲ್ಲಿಂದ ಹೊರಟ ನ್ಯೂಸ್‌ಪ್ರಿಂಟಿನ ಹಾಳೆಯೊಂದು ಯಾರದಾದರೂ ಹಳೆಯ ಪತ್ರಿಕೆಯ ಕಟ್ಟಿನಲ್ಲಿ ಉಳಿದಿದ್ದು, ಅದರ ಮೇಲೆ 85 ಗೆರೆಯ ಜಾಲರಿಯ ಚಿತ್ರವಿದ್ದರೆ, ಒಂದು ಚದರ ಇಂಚಿನಲ್ಲಿ 7225 ಚುಕ್ಕಿಗಳ ಜಾಗವಿರುತ್ತದೆ. ಅವುಗಳಲ್ಲಿ ಒಂದೂ ಬೂದು ಬಣ್ಣದ್ದಲ್ಲ.